11 ಇದ್ದದ್ದು 14 ಆಯ್ತು

ಹೊಟ್ಟೆಯಲ್ಲಿರುವ ಮಗುವಿನ ಎಂಆರ್‌ಐಯನ್ನು ಮಾರ್ಕ್ಸ್ ಕಾರ್ಡಿನಂತೆ ಓದುವ ಅಪ್ಪಂದಿರು ನನಗೆ ಹೊಸಬರಲ್ಲ. ಗುರುತು ಮರೆಸಿ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿರುವ ನಮ್ಮ ಕಡೆಯ ದಂಪತಿ. 20ನೇ ವಾರದ ಸ್ಕ್ಯಾನಿನಲ್ಲಿ ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿಯ ಮೇಲೆ ಬೆನ್ನು ಮುಚ್ಚಿಕೊಳ್ಳದೆ ಉಳಿಯುವ ದೋಷ, ಕಂಡಿತು. 24ನೇ ವಾರದಲ್ಲಿ ಗರ್ಭಕೋಶ ತೆರೆದು ಮಗುವಿನ ಬೆನ್ನು ಮುಚ್ಚಿದರು. ಆರು ವಾರದ ನಂತರದ ಎಂಆರ್‌ಐಯಲ್ಲಿ, ಕೆಳಗೆ ಜಗ್ಗಿದ್ದ ಹಿಂಮೆದುಳು ಮೇಲೇರಿತ್ತು. ಬೆನ್ನಿನಿಂದ ಮೆದುಳು-ಬೆನ್ನುಹುರಿಯ ದ್ರವ ಸೋರುವುದು ನಿಂತ ಮೇಲೆ ಹಾಗಾಗಲಿ ಅಂತಲೇ ಕಾಯುವುದು. ಆದರೆ ವೆಂಟ್ರಿಕಲ್ (ಮೆದುಳೊಳಗಿನ ದ್ರವ ತುಂಬಿದ ಕುಹರ) ಅಗಲ 11 ಮಿ.ಮೀ. ಇದ್ದದ್ದು 14 ಆಗಿತ್ತು. "ಆಪರೇಷನ್ ಫೇಲ್ ಮೇಡಂ," ಅಂದರು ಗಂಡ.

ವಿಡಿಯೋ ಕರೆಯಲ್ಲಿ ಅರ್ಧ ಗಂಟೆ ಅವರದೇ ಮಾತು. ಈ ಆಪರೇಷನ್ನನ್ನು ಹೊಟ್ಟೆಯಲ್ಲೇ ಮಾಡುವುದನ್ನೂ ಹುಟ್ಟಿದ ಮೇಲೆ ಮಾಡುವುದನ್ನೂ ಹೋಲಿಸಿದ 2011ರ ಮಾಮ್ಸ್ ಅಧ್ಯಯನ ಬಾಯಿಪಾಠ: ಹುಟ್ಟಿದ ಮೇಲೆ ಆಪರೇಷನ್ ಆದ ಮಕ್ಕಳಲ್ಲಿ ವರ್ಷದೊಳಗೆ ಷಂಟ್ (ಮೆದುಳಿನ ಹೆಚ್ಚುವರಿ ದ್ರವ ಹರಿಸುವ ಕೊಳವೆ) ಬಿದ್ದದ್ದು ನೂರಕ್ಕೆ 82, ಹೊಟ್ಟೆಯಲ್ಲೇ ಆದವರಲ್ಲಿ 40. ಆ ನಲವತ್ತರಲ್ಲಿ ನಾವೂ ಬಂದ್ವಾ, ಇದೊಂದೇ ಪ್ರಶ್ನೆ. ಹೆಂಡತಿ ಎಡಮಗ್ಗುಲಾಗಿ ಮಲಗಿದ್ದರು. ಪರದೆಯ ಅಂಚಿನಲ್ಲಿ ಮೊಣಕೈ ಮಾತ್ರ ಕಾಣುತ್ತಿತ್ತು. ಅಲ್ಲಿಂದಲೇ ಮೆಲ್ಲಗೆ ಅಂದರು: "ದಿನಾ ರಾತ್ರಿ ಆ ಸ್ಕ್ಯಾನಿನ ಫೋಟೋನ ಹಿಗ್ಗಿಸಿ ಹಿಗ್ಗಿಸಿ ನೋಡ್ತಾರೆ. ನನ್ನ ಹೊಟ್ಟೆ ಮೇಲೆ ಕೈ ಇಟ್ಟು ಹದಿನೈದು ದಿನ ಆಯ್ತು."

ಗಂಡ ಮಾತು ನಿಲ್ಲಿಸಿದರು. ನಾನೂ ಬಾಯಿ ತೆರೆಯಲಿಲ್ಲ.

ಆಮೇಲೆ ಹೇಳಿದೆ: ಆ ಫೋಟೋ ಅಳಿಸಿಬಿಡಿ, ಅಳತೆಯನ್ನು ಡಾಕ್ಟರ ಎದುರು ಮಾತ್ರ ಕೇಳಿ. ಬೆನ್ನು ಮುಚ್ಚಿದ ಮೇಲೂ ವೆಂಟ್ರಿಕಲ್ ಹಿಗ್ಗುವುದುಂಟು. ಷಂಟ್ ಬೇಕೋ ಬೇಡವೋ ಎಂಬುದು ಹುಟ್ಟಿದ ಮೇಲಿನ ಮಾತು. ತಲೆಯ ಸುತ್ತಳತೆ ಏರುವ ವೇಗ, ನೆತ್ತಿಯ ಉಬ್ಬು, ವಾಂತಿ, ಕೆಳಕ್ಕೆ ಜಗ್ಗಿದ ಕಣ್ಣು ಇವನ್ನೆಲ್ಲ ನೋಡುತ್ತಾರೆ. ನಡಿಗೆಯ ಬಗ್ಗೆ ಕೇಳುವುದಿದ್ದರೆ ಬೆನ್ನಿನ ಗಾಯ ಯಾವ ಮಟ್ಟದಲ್ಲಿದೆ ಎಂದು ಕೇಳಿ. ಉಚ್ಚೆಗೆ ಕ್ಯಾತಿಟರ್ ಬೇಕಾಗಬಹುದು, ಅದನ್ನೂ ಈಗಲೇ ತಿಳಿದುಕೊಳ್ಳಿ.

ಭರವಸೆ ಕಿತ್ತುಕೊಂಡೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಬಹುದು. ಆದರೆ ಮಾಮ್ಸ್ ಮಕ್ಕಳು ಶಾಲೆಯ ವಯಸ್ಸಿಗೆ ಬಂದಾಗ ಹೊಟ್ಟೆಯಲ್ಲೇ ಆಪರೇಷನ್ ಆದವರು ನಡಿಗೆಯಲ್ಲಿ ಮುಂದಿದ್ದರೂ, ದಿನನಿತ್ಯದ ನಡವಳಿಕೆಯ ಒಟ್ಟು ಅಂಕದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಅದನ್ನು ಮುಚ್ಚಿಟ್ಟು "ಎಲ್ಲ ಸರಿಹೋಗುತ್ತೆ" ಅನ್ನುವುದು ನನ್ನಿಂದಾಗದು. ಮೇಲಾಗಿ ಗರ್ಭಕೋಶಕ್ಕೆ ಹೊಲಿಗೆ ಬಿದ್ದದ್ದು ಆಕೆಗೆ. ಅವಧಿಗೆ ಮುನ್ನ ನೋವು ಬಂದೀತೆಂಬ ಭಯ ಆಕೆಯದು, ಇನ್ನು ಪ್ರತಿ ಹೆರಿಗೆಯೂ ಸಿಸೇರಿಯನ್. ಆಕೆಯನ್ನು ಯಾರೂ ಏನೂ ಕೇಳಿರಲಿಲ್ಲ, ಆ ಅರ್ಧ ಗಂಟೆ ನಾನೂ ಸಹ.

ಮುಂದಿನ ಕರೆಗೆ ಗಂಡ ತಡವಾಗಿ ಬಂದರು, ಸಾರಿಗೆ ಒಗ್ಗರಣೆ ಹಾಕುತ್ತಿದ್ದರಂತೆ. "ರಾತ್ರಿ ಹನ್ನೊಂದಕ್ಕೆ ಜಾಸ್ತಿ ಒದೀತದೆ ಮೇಡಂ," ಅಂದರು. ಹೊಟ್ಟೆಯಲ್ಲಿ ಕಾಲಾಡಿಸಿದ ಮಾತ್ರಕ್ಕೆ ಮುಂದೆ ನಡೆಯುತ್ತದೆ ಎನ್ನಲಾಗದು. ಅದನ್ನು ಅವತ್ತು ಹೇಳಲಿಲ್ಲ.