ಫೌಜಿ ಮಗಳು ಅಳಬಾರ್ದು ಅಂದೋರಿಗೆ

ಮಾಜಿ ಸೈನಿಕರು ತೀರ್ಕೊಂಡ ಮನೆಗಳಿಂದ ಕೌನ್ಸೆಲಿಂಗಿಗೆ ಅಂತ ನನ್ನ ಹತ್ರ ಬರೋರು, ಹೆಂಡ್ತಿ ಆಗ್ಲಿ ಮಕ್ಕಳಾಗ್ಲಿ, ಒಂದು ಮಾತು ಹೇಳೇ ಹೇಳ್ತಾರೆ: "ಮೇಡಂ, ಮಿಲಿಟರಿ ಮನೆಯೋರು ನೀವೇ ಹಿಂಗೆ ಅತ್ರೆ ಹೆಂಗೆ ಅಂತಾರೆ ಎಲ್ರೂ." ಹೇಳೋರು ಧೈರ್ಯ ತುಂಬೋಕೇ ಹೇಳ್ತಾರೆ, ಒಪ್ತೀನಿ. ಆದ್ರೆ ಆ ಮಾತಿಂದ ದುಃಖ ಗಂಟಲಲ್ಲೇ ಕಟ್ಕೊಂಡು ಕೂತಿರೋ ಮನೆಗಳನ್ನ ನೋಡಿ ನೋಡಿ ಸಾಕಾಗಿದೆ, ಅದಕ್ಕೇ ಈ ಪ್ರಕರಣ ಬರೀತಿದೀನಿ. ಆ ಹೆಣ್ಮಗಳ ಒಪ್ಪಿಗೆ ಇದೆ, ಗುರುತು ಸಿಗೋ ವಿವರಗಳನ್ನ ಬದಲಾಯಿಸಿದೀನಿ.

ದಾವಣಗೆರೆ ಕಡೆಯವರು, ಪ್ರೈಮರಿ ಸ್ಕೂಲ್ ಟೀಚರ್, ವಯಸ್ಸು ಮೂವತ್ತೈದರ ಆಸುಪಾಸು. ತಂದೆ ಸೇನೆಯ ಇಎಂಇನಲ್ಲಿ, ಅಂದ್ರೆ ಗಾಡಿ, ಯಂತ್ರ ಎಲ್ಲಾ ರಿಪೇರಿ ಮಾಡೋ ವಿಭಾಗದಲ್ಲಿ ಹವಾಲ್ದಾರ್ ಆಗಿದ್ದೋರು. 1987ರಲ್ಲಿ ಒಪ್ಪಂದ ಆಗಿ ಶ್ರೀಲಂಕಾಕ್ಕೆ ಹೋಯ್ತಲ್ಲ ಶಾಂತಿಪಾಲನಾ ಪಡೆ, ಅದ್ರಲ್ಲೂ ಇದ್ರು. ಅಲ್ಲಿ ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಪ್ರಾಣ ಬಿಟ್ರು, 1990ರ ಮಾರ್ಚಲ್ಲಿ ಕೊನೇ ತುಕಡಿ ವಾಪಸ್ ಬಂತು, ಆ ದಿನಗಳ ಬಗ್ಗೆ ಇವರು ಮನೇಲಿ ಬಾಯಿ ಬಿಟ್ಟಿದ್ದೇ ಇಲ್ವಂತೆ. 1996ರಲ್ಲಿ ಪೆನ್ಶನ್ ಬಂದು ಊರಿಗೆ ಬಂದಾಗ ಇನ್ನೂ ನಲವತ್ತು ತುಂಬಿರ್ಲಿಲ್ಲ, ಸಿಪಾಯಿಗಳಿಗೆ ಅಷ್ಟು ಬೇಗ ನಿವೃತ್ತಿ ಅಂತ ಹೊರಗಿನ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಮಕ್ಕಳ ಓದು, ಮನೆ, ಮದುವೆ ಎಲ್ಲಾ ಅಲ್ಲಿಂದ ಮುಂದೆ ಶುರು ಆಗ್ಬೇಕು. ಬಸ್ ಸ್ಟ್ಯಾಂಡ್ ಹತ್ರ ಮೋಟಾರ್ ರಿವೈಂಡಿಂಗ್ ಅಂಗಡಿ, ಅಂದ್ರೆ ಸುಟ್ಟ ಮೋಟಾರಿಗೆ ಹೊಸ ತಾಮ್ರದ ವೈರ್ ಸುತ್ತಿಕೊಡೋ ಅಂಗಡಿ ಹಾಕಿದ್ರು. ಭದ್ರಾ ನಾಲೆಯ ಕೊನೇ ಭಾಗ, ನೀರು ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ, ಎಲ್ರಿಗೂ ಬೋರ್‌ವೆಲ್ಲೇ ಗತಿ, ವೋಲ್ಟೇಜ್ ಇಳಿದಾಗೆಲ್ಲ ಮೋಟಾರ್ ಸುಟ್ಕೊಂಡು ಟ್ರ್ಯಾಕ್ಟರಲ್ಲಿ ಹಾಕ್ಕೊಂಡು ಬರೋರು. ಕೊನೇವರೆಗೂ ಅದೇ ಅಂಗಡಿ, ಹಾರ್ಟ್ ಅಟ್ಯಾಕ್ ಆಗೋ ಹಿಂದಿನ ದಿನಾನೂ ಬಾಗಿಲು ತೆಗ್ದಿದ್ರು.

ವರ್ಷದ ಪುಣ್ಯಸ್ಮರಣೆ ಹತ್ರ ಬಂದಾಗ ಮಗಳು ನನ್ನ ಹತ್ರ ಬಂದ್ರು. ಫ್ಲೆಕ್ಸಿಗೂ ಕಾರ್ಡಿಗೂ ನಾಲ್ಕು ಸಾಲು ಬರೆದುಕೊಡು, ನೀನು ಟೀಚರ್ ಅಲ್ವಾ ಅಂತ ಅಣ್ಣ ಹೇಳಿದ್ರಂತೆ. ಒಂದು ಸಾಲೂ ಬರ್ತಿಲ್ಲ. ಅಪ್ಪ ಹೋದಾಗಿಂದ ಅತ್ತಿಲ್ಲ, ರಾತ್ರಿ ನಿದ್ದೆ ಇಲ್ಲ, ಅಂಗಡಿ ಕಣ್ಣಿಗೆ ಬೀಳಬಾರ್ದು ಅಂತ ಸ್ಕೂಲಿಗೆ ಸುತ್ತು ಹಾಕ್ಕೊಂಡು ಹೋಗ್ತಾರೆ. "ನಾನು ಕಲ್ಲಾಗ್ಬಿಟ್ಟಿದೀನಾ ಮೇಡಂ?" ಅಂತ ಕೇಳಿದ್ರು. ಮೊದಲ ಸೆಷನ್‌ಗಳಲ್ಲಿ ಅಪ್ಪನ ಬಗ್ಗೆ ಕೇಳಿದ್ರೆ ಶಿಸ್ತು, ಪ್ರಾಮಾಣಿಕತೆ, ದೇಶಭಕ್ತಿ ಅಂತ ಹೇಳೋರು, ಅಷ್ಟು ಹೇಳಿ ಸುಮ್ನಾಗೋರು.

ಒಂದು ದಿನ ಅಣ್ಣ ಕಳಿಸಿದ ಫ್ಲೆಕ್ಸ್ ಡಿಸೈನ್ ಮೊಬೈಲಲ್ಲಿ ತೋರಿಸಿದ್ರು. ಯೂನಿಫಾರ್ಮಲ್ಲಿರೋ ಫೋಟೋ, ಹಿಂದೆ ತ್ರಿವರ್ಣ ಧ್ವಜ, ಮೇಲೆ ದಪ್ಪಕ್ಷರದಲ್ಲಿ ವೀರಯೋಧ. ಇದು ಯಾವಾಗಿನ ಫೋಟೋ ಅಂತ ಕೇಳ್ದೆ. ತಾನು ಹುಟ್ಟೋಕೆ ಮುಂಚಿಂದು ಅಂದ್ರು. "ಹಂಗಾದ್ರೆ ಇವರನ್ನ ನೀವು ನೋಡೇ ಇಲ್ಲ" ಅಂದೆ. ಸ್ವಲ್ಪ ಹೊತ್ತು ಫೋಟೋನೇ ನೋಡ್ತಾ ಕೂತಿದ್ರು. ಆಮೇಲೆ ಹೇಳಿದ್ರು, "ಹೌದು ಮೇಡಂ, ಈ ಮೀಸೆ ಹುಡುಗ ನಂಗೆ ಗೊತ್ತಿಲ್ಲ. ನಮ್ಮ ಅಪ್ಪಾಜಿ ಉಗುರಲ್ಲಿ ಯಾವಾಗ್ಲೂ ಕಾಯಿಲಿಗೆ ಹಚ್ಚೋ ವಾರ್ನಿಷ್ ಇರ್ತಿತ್ತು."

ಸರಿ, ನಾನು ಅಂಗಡಿ ಬಾಗಿಲಲ್ಲಿ ನಿಂತಿದೀನಿ ಅನ್ಕೊಳ್ಳಿ, ಒಳಗೆ ಏನ್ ಕಾಣುತ್ತೆ ಹೇಳಿ ಅಂದೆ. ಆಗ ಶುರು ಆಯ್ತು ನೋಡಿ ಮಾತು. ಸುಟ್ಟ ಕಾಯಿಲ್ ಕಿತ್ತು ಹಾಕಿರೋ ರಾಶಿ, ಅದರ ವಾಸನೆ, ಗೋಡೆಗೆ ನೇತು ಹಾಕಿರೋ ತಾಮ್ರದ ವೈರಿನ ಸುತ್ತು, ಸ್ಟೂಲ್ ಮೇಲೆ ಅಪ್ಪಾಜಿ, ಕೈಯಿಂದ ತಿರುಗಿಸೋ ವೈಂಡಿಂಗ್ ಮಷೀನ್. ಎಣಿಸೋದು ಹಿಂದಿಯಲ್ಲಿ, ಏಕ್ ದೋ ತೀನ್ ಅಂತ, ಮಿಲಿಟರಿಲಿ ಬಂದ ಅಭ್ಯಾಸ, ಒಂದು ಸುತ್ತು ಹೆಚ್ಚುಕಮ್ಮಿ ಆದ್ರೂ ಮೋಟಾರ್ ಸರಿ ಓಡಲ್ಲ ಅಂತ ಅವರು ಎಣಿಸ್ವಾಗ ಯಾರೂ ಮಾತಾಡೋ ಹಂಗಿಲ್ಲ, ರೈತರೂ ಹೊರಗೇ ನಿಲ್ಲೋರು. ಜುಲೈ 26 ಬಂದ್ರೆ ಕಾರ್ಗಿಲ್ ವಿಜಯ ದಿವಸ ಅಂತ ಶಾಲೆಯೋರು ಕರೆದು ಶಾಲು ಹೊದಿಸೋರಂತೆ, ನಾನು ಕಾರ್ಗಿಲ್‌ಗಿಂತ ಮುಂಚೇನೇ ರಿಟೈರ್ ಆದೋನಪ್ಪಾ ಅಂತ ಹೇಳಿದ್ರೂ ಬಿಡ್ತಿರ್ಲಿಲ್ಲ, ಆ ಶಾಲು ತಂದು ಧೂಳು ಕೂರದ ಹಾಗೆ ಮಷೀನಿಗೆ ಹೊದಿಸೋರು. ಇಷ್ಟೆಲ್ಲಾ ಹೇಳ್ತಾ ಹೇಳ್ತಾ ಅವರ ದನಿ ಬದಲಾಯ್ತು. "ನಾನು ಸ್ಕೂಲಿಂದ ಬಂದು ಅಪ್ಪಾಜಿ ಅಂತ ಕರೆದ್ರೆ ಮಾತ್ರ ಎಣಿಸೋದು ನಿಲ್ಲಿಸೋರು ಮೇಡಂ. ಬೈತಿರ್ಲಿಲ್ಲ. ಎಲ್ಲೀವರೆಗೆ ಆಗಿತ್ತೋ ಆ ನಂಬರನ್ನ ಚಾಕ್‌ಪೀಸಲ್ಲಿ ಟೇಬಲ್ ಮೇಲೆ ಬರೆದು, ಆಮೇಲೆ ನನ್ನ ಕಡೆ ತಿರುಗಿ, ಹೇಳು ಪುಟ್ಟಾ ಅನ್ನೋರು."

ಅಲ್ಲಿ ಅಳು ಬಂತು. ತುಂಬಾ ಹೊತ್ತು ಅತ್ರು, ನಾನು ಏನೂ ಮಾತಾಡ್ಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟೇ, ಕಾರ್ಡಲ್ಲಿ ಗುಣಗಳ ಪಟ್ಟಿ ಬೇಡ, ಈ ಚಾಕ್‌ಪೀಸಿನ ವಿಷಯ ಬರೀರಿ, ಅಂಗಡೀಲಿ ಕೂತಿರೋ ಫೋಟೋ ಒಂದು ಹುಡುಕಿ. ಇದಕ್ಕೆ ಅಣ್ಣನಿಗೆ ಸಿಟ್ಟು ಬಂತು, ತಂಗಿ ಜೊತೆ ಬಂದು ನನ್ನೇ ಕೇಳಿದ್ರು, ದೇಶಸೇವೆ ಮಾಡಿದೋರನ್ನ ಮೆಕ್ಯಾನಿಕ್ ಅಂತ ತೋರಿಸ್ಬೇಕಾ ಅಂತ. ಅವರ ನೋವು ನಂಗೆ ಅರ್ಥ ಆಗುತ್ತೆ, ಅಪ್ಪನಿಗೆ ಸಿಗದ ಗೌರವ ಈಗಾದ್ರೂ ಸಿಗ್ಲಿ ಅನ್ನೋ ಆಸೆ ಅದು. ಆದ್ರೂ ನನ್ನ ಮಾತು ನಾನು ಬಿಡ್ಲಿಲ್ಲ. ಯೂನಿಫಾರ್ಮ್ ಫೋಟೋ ತೆಗೀರಿ ಅಂತ ನಾನು ಹೇಳೇ ಇಲ್ಲ. ವೀರಯೋಧ ಅಂತ ಊರೆಲ್ಲಾ ನೆನೆಸ್ಕೊಳ್ಲಿ, ಮಕ್ಕಳಿಗೆ ಮಾತ್ರ ಅಪ್ಪ ಬೇಕು. ಪ್ರಾಮಾಣಿಕತೆ ಹೋಯ್ತು ಅಂತ ಯಾರಿಗೂ ಅಳು ಬರಲ್ಲ, ಹೇಳು ಪುಟ್ಟಾ ಅಂತಿದ್ದೋರು ಹೋದ್ರು ಅಂತ ಬರುತ್ತೆ. ಹದಿನೇಳು ವರ್ಷ ದೂರದಲ್ಲಿದ್ದು ದುಡಿದು, ಆಮೇಲೆ ಇಪ್ಪತ್ತೇಳು ವರ್ಷ ಆ ಸ್ಟೂಲ್ ಮೇಲೆ ಕೂತು ಇಬ್ರನ್ನ ಓದಿಸಿದ್ದೂ ಸೇವೇನೇ ಅಂದೆ. ಅಣ್ಣ ಪೂರ್ತಿ ಒಪ್ಪಿದ್ರು ಅಂತ ನಂಗನ್ಸಲ್ಲ, ಕಾರ್ಡಲ್ಲಿ ಎರಡೂ ಫೋಟೋ ಬಂತು, ತಂಗಿ ಬರೆದಿದ್ದೂ ಬಂತು.

ಉದ್ರಿ ಬುಕ್ಕಿನದ್ದೂ ಒಂದು ಜಗಳ ಇತ್ತು. ರೈತರ ಬಾಕಿ ವಸೂಲಿ ಮಾಡ್ಬೇಕು ಅಂತ ಅಣ್ಣ, ಅಪ್ಪಾಜಿ ಹೆಸರಲ್ಲಿ ಬಿಟ್ಬಿಡೋಣ ಅಂತ ತಂಗಿ. ನಾನಂದೆ, ಇಬ್ರೂ ಸುಮ್ನಿರಿ, ಬುಕ್ಕು ಅಮ್ಮನ ಕೈಗೆ ಕೊಡಿ, ಆ ದುಡ್ಡಲ್ಲಿ ಅವರ ಪಾಲೂ ಇದೆ, ಬಿಡೋದಾದ್ರೂ ಕೇಳೋದಾದ್ರೂ ಅವರೇ ಹೇಳ್ಲಿ. ಇಂಥಾ ಮನೆಗಳಲ್ಲಿ ತಾಯಿನ ಯಾರೂ ಏನೂ ಕೇಳಲ್ಲ, ಇದು ನಂಗೆ ಬಹಳ ಸಂಕಟ ಕೊಡೋ ವಿಷಯ. ಫ್ಯಾಮಿಲಿ ಪೆನ್ಶನ್ ಕೆಲಸಾನೂ ಹಂಗೇ ಬಿದ್ದಿತ್ತು, ಡೆತ್ ಸರ್ಟಿಫಿಕೇಟ್, ಪಿಪಿಒ ಅನ್ನೋ ಪೆನ್ಶನ್ ಆದೇಶ ಪತ್ರ ಎಲ್ಲಾ ಹಿಡ್ಕೊಂಡು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಮೊದಲು ಹೋಗಿ ಅಂತ ಕಳಿಸ್ದೆ. ಈಗ ಎಲ್ಲಾ ಸ್ಪರ್ಶ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲೇ ಆಗೋದು, ಒಬ್ಬರೇ ಹೆಂಗಸು ಮಾಡ್ಕೊಳ್ಳೋಕೆ ಕಷ್ಟ, ಮಕ್ಕಳು ಜೊತೆಗೆ ಕೂರ್ಬೇಕು.

ಓದ್ತಿರೋರಲ್ಲಿ ಯಾರಾದ್ರೂ ಹಿಂಗೇ ಇದ್ರೆ, ಅಳು ಬರ್ಲಿಲ್ಲ ಅಂದ್ಮಾತ್ರಕ್ಕೆ ಅದು ಕಾಯಿಲೆ ಅಲ್ಲ, ಒಬ್ಬೊಬ್ಬರ ದುಃಖ ಒಂದೊಂದು ತರ. ಆದ್ರೆ ಆರು ತಿಂಗಳು ದಾಟಿದ್ಮೇಲೂ ಊಟ, ನಿದ್ದೆ, ಕೆಲಸ ಯಾವ್ದೂ ದಾರಿಗೆ ಬರ್ತಿಲ್ಲ, ಇಡೀ ದಿನ ಅದೇ ಯೋಚನೆ, ಬದುಕೋದೇ ಬೇಡ ಅನ್ಸುತ್ತೆ ಅಂದ್ರೆ ತೋರಿಸ್ಕೊಳ್ಳಿ. ಬದುಕೋದು ಬೇಡ ಅನ್ನಿಸಿದ್ರಂತೂ ಆರು ತಿಂಗಳು ಕಾಯೋದೇನೂ ಬೇಡ, ಅವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.