ಕನ್ನಡದ ಅರ್ಜಿಗೆ ಬಂದ 14 ಪುಟಗಳು

ಕೇರಳದಲ್ಲಿ ಇಷ್ಟು ವರ್ಷ ಬಾಳಿದ ಮೇಲೂ ಸರಕಾರಿ ಕಾಗದವನ್ನು ಕನ್ನಡದಲ್ಲೇ ಕೇಳುವ ಹಟವೇಕೆ, ಮಲಯಾಳ ಕಲಿತರೆ ಮುಗಿಯಿತಲ್ಲ ಎಂದು ನೀವು ಬೆಂಗಳೂರಿನಿಂದ ಕೇಳಿದ್ದೀರಿ. ಮಲಯಾಳ ನನಗೆ ಬರುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ನೆರೆಯವರೊಡನೆ ಬ್ಯಾರಿ: ಮಂಜೇಶ್ವರದ ಕಡೆ ಬೆಳೆದವರಿಗೆ ಇವನ್ನು ಯಾರೂ ಕೂರಿಸಿಕೊಂಡು ಕಲಿಸಬೇಕಾಗಿಲ್ಲ, ಅದು ನಮ್ಮ ಹೆಮ್ಮೆ. ನಾವು ಕೇರಳಕ್ಕೆ ವಲಸೆ ಬಂದವರೂ ಅಲ್ಲ. 1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗ ನನ್ನ ಅಜ್ಜ ತಮ್ಮ ಅಡಿಕೆ ತೋಟದಲ್ಲೇ ಇದ್ದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ನಿಮಗೆ ಗೊತ್ತು. ಆ ವಾದವನ್ನು ಈಗ ಎತ್ತುವುದಿಲ್ಲ.

ಆಡುವ ಮಲಯಾಳ ಬೇರೆ, ಕಡತದ ಮಲಯಾಳ ಬೇರೆ. ಲಿಪಿಯನ್ನು ಕೂಡಿಸಿಕೊಂಡು ಓದಿದರೂ ಪರಿಚಿತ ಪದಗಳೇ ನಮ್ಮನ್ನು ದಾರಿ ತಪ್ಪಿಸುತ್ತವೆ. ಅಲ್ಲಿ ‘ಅಪೇಕ್ಷ’ ಎಂದರೆ ಅರ್ಜಿ, ‘ಉತ್ತರವ್’ ಎಂದರೆ ಆದೇಶ, ‘ಅನುವಾದಂ’ ಎಂದರೆ ಅನುಮತಿ. ನಮ್ಮ ನೆರೆಮನೆಯ ಹಿರಿಯರೊಬ್ಬರು ಕಚೇರಿಯೊಂದರಲ್ಲಿ ‘ಇದರ ಅನುವಾದ ಬೇಕು’ ಎಂದು ಕೇಳಿದಾಗ, ಇದಕ್ಕೆ ಯಾರ ಅನುಮತಿಯೂ ಬೇಡ ಎಂದು ಹೇಳಿ ಅವರನ್ನು ಮನೆಗೆ ಕಳುಹಿಸಿದರು.

ನನ್ನದೇ ಪ್ರಕರಣ ಹೇಳುತ್ತೇನೆ. ನಮ್ಮ ರಸ್ತೆಗೆ ಹಾಕಿದ ಡಾಂಬರು ಮೊದಲ ಮಳೆಗಾಲಕ್ಕೇ ಕಿತ್ತುಬಂದಾಗ, ಅಂದಾಜುಪಟ್ಟಿ, ಅಳತೆ ಪುಸ್ತಕ ಮತ್ತು ಬಿಲ್ಲುಗಳ ನಕಲು ಕೇಳಿ, 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ, ಮಾಹಿತಿ ಹಕ್ಕಿನ ಅರ್ಜಿಯನ್ನು ಕನ್ನಡದಲ್ಲಿ ಕೊಟ್ಟೆ. ಇಲ್ಲಿಯ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಇರಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಹೇಳುತ್ತದೆ. 28ನೆಯ ದಿನ ಉತ್ತರ ಬಂತು: ‘ಕೇಳಿದ ಮಾಹಿತಿಯನ್ನು ಲಗತ್ತಿಸಿದೆ’ ಎಂಬ ಎರಡು ಸಾಲಿನ ಪತ್ರ ಕನ್ನಡದಲ್ಲಿ, ಲಗತ್ತಿಸಿದ 14 ಪುಟಗಳು ಮಲಯಾಳದಲ್ಲಿ. ಕಡತದಲ್ಲಿ ಇದ್ದುದನ್ನು ಇದ್ದಂತೆ ಕೊಡುವುದಷ್ಟೇ ತಮ್ಮ ಹೊಣೆ ಎಂದರು. ಅವರು ಹೇಳಿದ್ದು ಸುಳ್ಳಲ್ಲ, ಮತ್ತು ನಮ್ಮ ತೊಡಕೆಲ್ಲ ಇರುವುದು ಅಲ್ಲೇ.

ಮೊದಲ ಮೇಲ್ಮನವಿಗೆ ಉತ್ತರ ಕೈಸೇರಿದಂದಿನಿಂದ 30 ದಿನಗಳ ಗಡುವಿದೆ. ಆ ಪುಟಗಳನ್ನು ಓದಿ ಹೇಳಬಲ್ಲ ನಿವೃತ್ತ ಮಾಷ್ಟ್ರು ಬಿಡುವಾಗಿ ಸಿಕ್ಕುವಷ್ಟರಲ್ಲಿ 24 ದಿನ ಕಳೆದಿತ್ತು. ಜಲ್ಲಿಯ ಒಂದು ಪದರವನ್ನು ಕೈಬಿಡಲು ‘ಉತ್ತರವ್’ ಆಗಿದೆ ಎಂದು ಒಂಬತ್ತನೆಯ ಪುಟದ ಅಂಚಿನಲ್ಲಿ ಬರೆದಿರುವುದು, ಆ ಆದೇಶದ ನಕಲನ್ನು ಮಾತ್ರ ಕೊಡದೆ ಇರುವುದು, ನನಗೆ ತಿಳಿದದ್ದು ಅಂದು. ಮಾಹಿತಿ ಕೊಡಲು ವಿನಾಕಾರಣ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ವಿಧಿಸಬಹುದು. ಓದಲಾಗದ ಉತ್ತರ ಗಡುವಿನೊಳಗೆ ಬಂದರೆ ಅದು ತಡವೆನಿಸುವುದಿಲ್ಲ, ಕಳೆಯುವ ದಿನಗಳೆಲ್ಲ ಅರ್ಜಿದಾರನವು. ಸರಕಾರ ತಾನಾಗಿ ಪ್ರಕಟಿಸುವ ಮಾಹಿತಿಯನ್ನು ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಸೆಕ್ಷನ್ ಹೇಳುತ್ತದೆ. ನಮ್ಮ ರಸ್ತೆಯ ಲೆಕ್ಕ ಆ ರೀತಿಯಲ್ಲಿ ಪ್ರಕಟವಾಗಿದ್ದರೆ ನಾನು ಅರ್ಜಿ ಹಾಕುವ ಅಗತ್ಯವೇ ಇರುತ್ತಿರಲಿಲ್ಲ.

ಬೆಳಗಾವಿಯ ಮರಾಠಿ ಭಾಷಿಕರು ನಿಮ್ಮ ಸರಕಾರದಿಂದ ಇದನ್ನೇ ಕೇಳಿದರೆ ನಾನು ಅವರ ಪರವಾಗಿಯೇ ಮಾತನಾಡುತ್ತೇನೆ. ತೆರಿಗೆ ಕೊಟ್ಟವರಿಗೆ ಲೆಕ್ಕ ಅರ್ಥವಾಗಬೇಕು.

ಮೇಲ್ಮನವಿಯನ್ನು ಮಲಯಾಳದಲ್ಲಿ ಬರೆದುಕೊಡಲು ಮಗಳು ಸಿದ್ಧಳಿದ್ದಳು. ಶಾಲೆಯಲ್ಲಿ ಕಲಿತಿದ್ದಾಳೆ, ಅಕ್ಷರವೂ ಚೆನ್ನಾಗಿದೆ. ಆದರೂ 29ನೆಯ ದಿನ ಕನ್ನಡದಲ್ಲೇ ಬರೆದು ಕೊಟ್ಟು ಬಂದೆ. ಇಲ್ಲಿಯೂ ಸಿಗದಿದ್ದರೆ ಎರಡನೆಯ ಮೇಲ್ಮನವಿ 500 ಕಿಲೋಮೀಟರಿಗೂ ದೂರದ ತಿರುವನಂತಪುರಕ್ಕೆ ಹೋಗಬೇಕು. ಸದ್ಯಕ್ಕೆ ವಿಚಾರಣೆಯ ದಿನ ಜೊತೆಗೆ ಬರುವುದಾಗಿ ಮಾಷ್ಟ್ರು ಒಪ್ಪಿದ್ದಾರೆ.