ತೊಟ್ಟಿ ಲೆಕ್ಕಕ್ಕೆ ಉತ್ತರ: ಘನ ಸೆಂ.ಮೀ.ಯನ್ನು 100ರಿಂದ ಭಾಗಿಸಬೇಡಿ

ನಿಮ್ಮ ತೊಟ್ಟಿ ಲೆಕ್ಕ ನೋಡಿದೆ. ಉದ್ದ 1.5 ಮೀಟರ್, ಅಗಲ 80 ಸೆಂ.ಮೀ., ಎತ್ತರ 60 ಸೆಂ.ಮೀ. ನಿಮಿಷಕ್ಕೆ 12 ಲೀಟರ್ ಬರುವ ನಲ್ಲಿ ಬಿಟ್ಟರೆ ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ ಪ್ರಶ್ನೆ. 150 × 80 × 60 = 7,20,000 ಘನ ಸೆಂ.ಮೀ. ಅಂತ ತೆಗೆದಿದ್ದೀರಿ, ಅಲ್ಲಿವರೆಗೆ ಸರಿ. ಆಮೇಲೆ ಅದನ್ನು 100ರಿಂದ ಭಾಗಿಸಿ 7,200 ಘನ ಮೀಟರ್ ಅಂತ ಬರೆದಿದ್ದೀರಲ್ಲ, ಅದನ್ನು ನೋಡಿ ಸುಮ್ನೆ ಇರಲು ಆಗಲಿಲ್ಲ. ಹೈಸ್ಕೂಲಿನಲ್ಲಿ ನಾನೂ ಇದೇ ಹಳ್ಳಕ್ಕೆ ಬಿದ್ದವನು. ಒಂದು ಸಲ ಅಲ್ಲ, ಮೂರು ಪರೀಕ್ಷೆಯಲ್ಲಿ.

7,200 ಘನ ಮೀಟರ್ ಅಂದರೆ ಎಷ್ಟು ಗೊತ್ತಾ? ಒಲಿಂಪಿಕ್ ಈಜುಕೊಳ 50 ಮೀಟರ್ ಉದ್ದ, 25 ಮೀಟರ್ ಅಗಲ. ಆಳ 2 ಮೀಟರ್ ಹಿಡಿದರೆ 2,500 ಘನ ಮೀಟರ್ ಆಯಿತು. ಮೊಣಕಾಲಿಗಿಂತ ಸ್ವಲ್ಪ ಎತ್ತರದ ತೊಟ್ಟಿಯೊಳಗೆ ನೀವು ಹತ್ತಿರ ಹತ್ತಿರ ಮೂರು ಈಜುಕೊಳ ತುಂಬಿಸಿದ್ದೀರಿ! ಬೈಯುತ್ತಿಲ್ಲ. ಸರಿ, ಸ್ವಲ್ಪ ಬೈಯುತ್ತಿದ್ದೇನೆ.

ನನಗೆ ಇದು ತಲೆಗೆ ಹತ್ತಿದ್ದು ಸೂತ್ರದಿಂದ ಅಲ್ಲ, ರಟ್ಟಿನ ಡಬ್ಬಿಯಿಂದ. ಮೂರನೇ ಸಲ ಅಂಕ ಹೋದ ಮೇಲೆ ಸಿಟ್ಟು ಬಂದು, ಎಲ್ಲ ಬದಿಯೂ 10 ಸೆಂ.ಮೀ. ಇರುವ ಒಂದು ಘನ ಮಾಡಿದೆ. 10 × 10 × 10 = 1,000 ಘನ ಸೆಂ.ಮೀ. ಅಂದರೆ ಸರಿಯಾಗಿ ಒಂದು ಲೀಟರ್. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಮೀಟರ್ ಚೌಕ ಬರೆದು, ಡಬ್ಬಿಯನ್ನು ಮೂಲೆಗೆ ಇಟ್ಟೆ. ಒಂದು ಸಾಲಿಗೆ 10 ಡಬ್ಬಿ, ಅಂಥ 10 ಸಾಲು, ಒಂದರ ಮೇಲೊಂದು 10 ಪದರ. ಒಟ್ಟು 1,000 ಡಬ್ಬಿ. ಹಾಗಾಗಿ ಒಂದು ಘನ ಮೀಟರ್ ಅಂದರೆ 1,000 ಲೀಟರ್, 10 ಲಕ್ಷ ಘನ ಸೆಂ.ಮೀ. ನೂರು ಅನ್ನುವುದು ಉದ್ದಕ್ಕೆ ಮಾತ್ರ. ಮೂರು ದಿಕ್ಕಿಗೂ ನೂರು ನೂರು ಬರುತ್ತದೆ.

ಆವತ್ತಿನಿಂದ ಲೀಟರ್ ಕೇಳಿದ ಯಾವ ಲೆಕ್ಕಕ್ಕೂ ಅಳತೆಯನ್ನು ಮೊದಲು ಡಬ್ಬಿಗೆ ತಿರುಗಿಸುತ್ತೇನೆ. 150 ಸೆಂ.ಮೀ.ಗೆ 15 ಡಬ್ಬಿ, 80ಕ್ಕೆ 8, 60ಕ್ಕೆ 6. 15 × 8 × 6 = 720 ಲೀಟರ್. ಮುಗೀತು. ಸೊನ್ನೆ ಎಣಿಸುವ ಗೋಳೇ ಇಲ್ಲ. 720ನ್ನು 12ರಿಂದ ಭಾಗಿಸಿದರೆ 60 ನಿಮಿಷ. 85 ಸೆಂ.ಮೀ. ಇದ್ದರೆ 8.5 ಡಬ್ಬಿ ಅನ್ನಿ, ತೊಂದರೆ ಇಲ್ಲ. ಆದರೆ ಒಂದು ಅಳತೆ ಡಬ್ಬಿಯಲ್ಲಿ, ಇನ್ನೊಂದು ಸೆಂ.ಮೀ.ಯಲ್ಲಿ ಬಿಟ್ಟರೆ ಮತ್ತೆ ಅದೇ ಕಥೆ. ಗೋಡೆಯ ದಪ್ಪ ಕೊಟ್ಟಿದ್ದರೆ ಒಳ ಅಳತೆ ತೆಗೆದುಕೊಳ್ಳಬೇಕು. ದಪ್ಪವನ್ನು ಎರಡೂ ಬದಿಯಿಂದ ಕಳೆಯಬೇಕು, ಮೇಲೆ ತೆರೆದಿದ್ದರೆ ಎತ್ತರದಿಂದ ಒಂದೇ ಸಲ.

ಸಿಲಿಂಡರ್ ಬಂದಾಗ ವ್ಯಾಸವನ್ನೇ ತ್ರಿಜ್ಯ ಅಂತ ಹಾಕಿದರೆ ಉತ್ತರ ನಾಲ್ಕು ಪಟ್ಟು ಆಗುತ್ತದೆ, ಇದೂ ನನ್ನ ಹಳೇ ಚಾಳಿ. ತುದಿ ಕೆಳಗಿರುವ ಶಂಕುವಿನಲ್ಲಿ ಅರ್ಧ ಎತ್ತರಕ್ಕೆ ನೀರಿದ್ದರೆ ಅದು ಅರ್ಧ ಅಲ್ಲ, ಎಂಟರಲ್ಲಿ ಒಂದು ಭಾಗ.

ಇನ್ನು ನಿಮ್ಮ ಪ್ರಶ್ನೆಯ ಕೆಳಗೆ ಕಾಮೆಂಟಿನಲ್ಲಿ ಒಬ್ಬರು "ಎರಡು ನಲ್ಲಿ ಇದ್ದರೆ ಸರಾಸರಿ ತೆಗೆಯಿರಿ" ಅಂದಿದ್ದಾರೆ. ದಯವಿಟ್ಟು ಬೇಡ. ಒಂದು 30 ನಿಮಿಷದಲ್ಲಿ, ಇನ್ನೊಂದು 60 ನಿಮಿಷದಲ್ಲಿ ತುಂಬಿಸಿದರೆ ಎರಡೂ ಸೇರಿ 45 ನಿಮಿಷ ಹೇಗೆ ಆಗುತ್ತದೆ? ಒಂದೇ ನಲ್ಲಿಗೆ 30 ಸಾಕಿತ್ತಲ್ಲ! ಒಂದು ನಿಮಿಷದ ಕೆಲಸ ಮೊದಲು ಬರೆಯಿರಿ: 1/30 + 1/60 = 3/60 = 1/20. ಅಂದರೆ 20 ನಿಮಿಷ. ನೀರು ಹೊರಗೆ ಹೋಗುವ ಕೊಳವೆ ಇದ್ದರೆ ಕಳೆಯಿರಿ. ವೇಗದ ಲೆಕ್ಕದಲ್ಲೂ ಸುಮ್ನೆ ಸರಾಸರಿ ತೆಗೆದರೆ ಇದೇ ಹಳ್ಳ: ಹೋಗುವಾಗ ಗಂಟೆಗೆ 60 ಕಿ.ಮೀ., ಅದೇ ದಾರಿಯಲ್ಲಿ ಬರುವಾಗ 40 ಅಂದರೆ ಸರಾಸರಿ ವೇಗ 50 ಅಲ್ಲ, 48. ನಿಧಾನವಾಗಿ ಬಂದಾಗ ಹೊತ್ತು ಜಾಸ್ತಿ ಹಿಡಿಯುತ್ತದೆ, ಅಲ್ವಾ?

ನಿಮ್ಮ ಎರಡನೇ ಲೆಕ್ಕ, ಎರಡು ದಾಳ ಎಸೆದಾಗ ಮೊತ್ತ 7 ಬರುವ ಸಂಭವನೀಯತೆ. 2ರಿಂದ 12ರವರೆಗೆ 11 ಮೊತ್ತ, ಅದಕ್ಕೆ 1/11 ಅಂದಿದ್ದೀರಿ. ನಾಚಿಕೆ ಬೇಡ, ಫ್ರಾನ್ಸಿನ ದೊಡ್ಡ ಗಣಿತಜ್ಞ ಡಿ'ಅಲಂಬೇರ್ ಕೂಡ 1754ರಲ್ಲಿ ಇಂಥದ್ದೇ ಬರೆದಿದ್ದ. ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಂದಾದರೂ ಶಿರ ಬರುವುದು 2/3 ಅಂದ. ಸರಿ ಉತ್ತರ 3/4. ಎಣಿಸುವ ಪ್ರತಿ ಫಲಿತವೂ ಬರುವ ಸಾಧ್ಯತೆ ಒಂದಕ್ಕೊಂದು ಸಮ ಇರಬೇಕು, ಅಷ್ಟೇ ವಿಷಯ. ಮೊತ್ತ 2 ಬರಲು ಒಂದೇ ದಾರಿ, 7 ಬರಲು ಆರು ದಾರಿ. ಒಂದು ದಾಳ ಕೆಂಪು, ಒಂದು ನೀಲಿ ಅಂದುಕೊಂಡು 6 × 6 ಮನೆಯ ಚೌಕ ಹಾಕಿ. (2,5) ಬೇರೆ, (5,2) ಬೇರೆ.

"ಒಂದಾದರೂ 6 ಬರಬೇಕು" ಅಂದರೆ 1/6 + 1/6 ಮಾಡಬೇಡಿ. ಹಾಗೆ ಕೂಡಿಸುತ್ತಾ ಹೋದರೆ ಆರು ದಾಳಕ್ಕೆ 6 ಬಂದೇ ಬರುತ್ತದೆ ಅಂತ ಆಗುತ್ತದೆ. 6 ಬಾರದೇ ಇರುವುದನ್ನು ಒಂದರಿಂದ ಕಳೆಯಿರಿ: 1 − 25/36 = 11/36.

ಕ್ಯಾಲ್ಕುಲೇಟರ್ ಯಾವುದು ಅಂತ ಕೇಳಿದ್ದೀರಿ. ನನಗೆ ಕ್ಯಾಸಿಯೋ ಸೈಂಟಿಫಿಕ್ ಇಷ್ಟ, ಭಿನ್ನರಾಶಿಯನ್ನು ಭಿನ್ನವಾಗಿಯೇ ತೋರಿಸುತ್ತದೆ. ಆದರೆ ಈ ಮಟ್ಟದ ಲೆಕ್ಕಕ್ಕೆ ಅದು ಬೇಕಿಲ್ಲ. ಸಾದಾ ಕ್ಯಾಲ್ಕುಲೇಟರ್‌ನಲ್ಲಿ 2 + 3 × 4 ಒತ್ತಿದರೆ ಸಾಮಾನ್ಯವಾಗಿ 20 ಬರುತ್ತದೆ, ಸೈಂಟಿಫಿಕ್‌ನಲ್ಲಿ 14. ಅದನ್ನು ತಿಳಿದುಕೊಂಡು ಒತ್ತಿ. ತ್ರಿಜ್ಯ 7, 14, 21 ಅಂತ ಕೊಟ್ಟಿದ್ದರೆ ಪ್ರಶ್ನೆ ಮಾಡಿದವರು 22/7 ಮನಸ್ಸಿನಲ್ಲಿಟ್ಟಿದ್ದಾರೆ, ಪೈ ಗುಂಡಿ ಮುಟ್ಟಬೇಡಿ, ಉತ್ತರ ಕೊಂಚ ಬೇರೆ ಬರುತ್ತದೆ.

ದಾಳದ ಲೆಕ್ಕ ಮತ್ತೆ ಮಾಡಿ ಇಲ್ಲೇ ಹಾಕಿ. 6/36, ಅಂದರೆ 1/6 ಬರಬೇಕು. ಬರದಿದ್ದರೆ ಉತ್ತರ ಬೇಡ, ಆ 36 ಮನೆ ಚೌಕದ ಫೋಟೋನೇ ಹಾಕಿ.